ಕಾವಲುಗಾರನಿಗೂ ಬೇಕು ಕಾವಲು

ಬಾಗಿಲು ತಟ್ಟಿದವರು ಯಾರೆಂದು ಮಲಗುವ ಕೋಣೆಯಿಂದಲೇ ನೋಡುವ ವ್ಯವಸ್ಥೆಯನ್ನು ರೂಪಿಸಿದ್ದು ದೊಡ್ಡ ಕಂಪನಿಯಲ್ಲ, ಒಬ್ಬ ನರ್ಸ್. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಮತ್ತು ಎಲೆಕ್ಟ್ರಾನಿಕ್ಸ್ ತಂತ್ರಜ್ಞರಾಗಿದ್ದ ಪತಿ ಆಲ್ಬರ್ಟ್, ಇಬ್ಬರ ಕೆಲಸಕ್ಕೂ ಹೊತ್ತುಗೊತ್ತು ಇರಲಿಲ್ಲ. ಮೇರಿ ಅವರಿಗೆ ರಾತ್ರಿ ಒಂಟಿಯಾಗಿರುವ ಭಯ. ಕರೆದರೆ ಪೊಲೀಸರು ಬೇಗ ಬರುವ ಭರವಸೆಯೂ ಇರಲಿಲ್ಲ. 1966ರಲ್ಲಿ ದಂಪತಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ದೊರೆಯಿತು.

ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಕಿಂಡಿ, ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೊಂದು ಟಿ.ವಿ. ಪರದೆ. ಬಂದವರೊಡನೆ ಮಾತನಾಡಬಹುದು. ನೆಂಟರಾದರೆ ಕುಳಿತಲ್ಲಿಂದಲೇ ಬಾಗಿಲು ತೆರೆಯಬಹುದು, ಕಳ್ಳರಾದರೆ ಗುಂಡಿ ಒತ್ತಿ ನೆರವು ಕೋರಬಹುದು. ಇಂದಿನ ಮನೆ ಕಾವಲು ಸಾಧನಗಳ ಮುಖ್ಯ ಅಂಶಗಳೆಲ್ಲ ಅಲ್ಲಿದ್ದವು.

ಕ್ಯಾಮೆರಾದ ಚಿತ್ರವನ್ನು ಜಗತ್ತಿನ ಯಾವ ಮೂಲೆಯಿಂದಲೂ ನೋಡುವಂತೆ ಮಾಡಿದ್ದು ಇಂಟರ್‌ನೆಟ್. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಕಾಫಿ ಪಾತ್ರೆ ಖಾಲಿಯಾಗಿದೆಯೇ ಎಂದು ತಿಳಿಯಲು 1991ರಲ್ಲಿ ಅದರ ಎದುರು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ವೆಬ್‌ಗೂ ಬಂತು. ಮುಂದೆ ಇಂಥ ಕ್ಯಾಮೆರಾಗಳು ಅಗ್ಗವಾಗಿ ಮನೆ, ಅಂಗಡಿಗಳನ್ನು ಸೇರಿದವು.

ತೊಡಕು ಬಂದದ್ದು ಇಲ್ಲಿಯೇ. ಇಂಟರ್‌ನೆಟ್ಟಿಗೆ ಸೇರಿದ ಪ್ರತಿ ಕ್ಯಾಮೆರಾವೂ ಒಂದು ಪುಟ್ಟ ಕಂಪ್ಯೂಟರ್. ಅನೇಕ ತಯಾರಕರು ಸಾವಿರಾರು ಕ್ಯಾಮೆರಾಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟರು, ಕೊಂಡವರು ಬದಲಿಸಲಿಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಈ ಸುಲಭ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಪ್ರಯೋಗಿಸಿ ಒಳನುಗ್ಗಿತು. ಅದರ ವಶವಾದ ಸಾಧನಗಳ ಸಂಖ್ಯೆ ಒಂದು ಹಂತದಲ್ಲಿ ಸುಮಾರು 6 ಲಕ್ಷ ಮುಟ್ಟಿತ್ತೆಂದು 2017ರ ಸಂಶೋಧನಾ ಪ್ರಬಂಧ ತಿಳಿಸಿತು. 2016ರ ಅಕ್ಟೋಬರ್ 21ರಂದು ವೆಬ್ ವಿಳಾಸಗಳಿಗೆ ದಾರಿ ತೋರುವ ಡೈನ್ ಕಂಪನಿಯ ಮೇಲೆ ಇಂಥ ಸಾಧನಗಳು ಏಕಕಾಲಕ್ಕೆ ಮುಗಿಬಿದ್ದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಮುಂತಾದವು ಹಲವರಿಗೆ ಸಿಗದಾದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕ್ಯಾಮೆರಾ ಎಷ್ಟು ಸ್ಪಷ್ಟವಾಗಿ ನೋಡುತ್ತದೆ ಎಂಬುದರ ಜೊತೆಗೆ, ಅದರೊಳಗಿಂದ ಬೇರೆ ಯಾರು ನೋಡುತ್ತಿದ್ದಾರೆ ಎಂಬ ಪ್ರಶ್ನೆಯೂ ಸಂಶೋಧಕರಿಗೆ ಮುಖ್ಯವಾಯಿತು. ಸಾಧನದ ವಿಚಿತ್ರ ವರ್ತನೆಯನ್ನು ಜಾಲದಲ್ಲೇ ಪತ್ತೆಹಚ್ಚುವುದು, ಚಿತ್ರವನ್ನು ಹೊರಗೆ ಕಳಿಸದೆ ಸಾಧನದಲ್ಲೇ ಪರಿಶೀಲಿಸುವುದು ಈ ಹಾದಿಯ ಪ್ರಯತ್ನಗಳು. ಎಲ್ಲ ಸಾಧನಗಳಿಗೂ ಸುಲಭವಾಗಿ ಊಹಿಸಬಹುದಾದ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ನಿಷೇಧಿಸಿತು.

ಈಗಾಗಲೇ ಗೋಡೆಯ ಮೇಲಿರುವ ಹಳೆಯ ಕ್ಯಾಮೆರಾದ ಪಾಸ್‌ವರ್ಡನ್ನು ಮಾತ್ರ ಮನೆಯವರೇ ಬದಲಿಸಬೇಕು. ಬೀಗ ಹಾಕಿ ಕೀಲಿಕೈಯನ್ನು ಅದರಲ್ಲೇ ಬಿಟ್ಟುಹೋದರೆ ಬೀಗವಿದ್ದೂ ಪ್ರಯೋಜನವಿಲ್ಲ.