ಕೆಂಪು ಗುಂಡಿ, ಮಿನುಗುವ ದೀಪ: ಆಫೀಸ್ ಫೋನಿನ ಕಥೆ

ಇವತ್ತು ನಾನು ಮಾತಾಡೋದು ಆಫೀಸಿನ ಮೇಜಿನ ಮೇಲೆ ಕೂತಿರೋ ದಪ್ಪನೆಯ ಫೋನಿನ ಬಗ್ಗೆ. ಅದರ ಗುಂಡಿಗಳು, ಪುಟ್ಟ ಪುಟ್ಟ ದೀಪಗಳ ಬಗ್ಗೆ. ನಿಮ್ಮಲ್ಲಿ ಹಲವರು ಅದನ್ನು ಮುಟ್ಟಿರಲಿಕ್ಕೂ ಇಲ್ಲ. ಆದರೆ ಮೊಬೈಲಿನ ಡಯಲ್ ಪ್ಯಾಡ್ ತೆರೆದು ನೋಡಿ, ಅದರ ಅರ್ಧ ಅಲ್ಲೇ ಇದೆ.

ಕಥೆ ಶುರುವಾಗೋದು ಅಮೆರಿಕದಲ್ಲಿ. ಒಂದು ಆಫೀಸಿಗೆ ನಾಲ್ಕೈದು ಲೈನ್ ಇದ್ದರೆ ಮೇಜಿನ ಮೇಲೂ ನಾಲ್ಕೈದು ಫೋನ್ ಇಡೋಕಾಗುತ್ತಾ? 1938ರಲ್ಲಿ ಬೆಲ್ ಕಂಪನಿ 'ಕೀ ಟೆಲಿಫೋನ್' ವ್ಯವಸ್ಥೆ ತಂದಿತು. ಫೋನ್ ಒಂದೇ, ಲೈನಿಗೊಂದು ಗುಂಡಿ. ಮುಂದೆ ಆ ಗುಂಡಿಗಳ ಒಳಗೇ ದೀಪ ಬಂತು. 1964ರ 1ಎ2 ವ್ಯವಸ್ಥೆಯ ಹೊತ್ತಿಗೆ ಈ ದೀಪಗಳಿಗೆ ಒಂದು ಭಾಷೆಯೇ ಇತ್ತು. ದೀಪ ಒಂದೇ ಸಮ ಉರಿದರೆ ಆ ಲೈನಿನಲ್ಲಿ ಯಾರೋ ಮಾತಾಡ್ತಿದ್ದಾರೆ. ನಿಧಾನಕ್ಕೆ ಮಿನುಗಿದರೆ ಕರೆ ಬರ್ತಿದೆ. ಬೇಗ ಬೇಗ ಮಿನುಗಿದರೆ ಯಾರೋ ಹೋಲ್ಡ್‌ನಲ್ಲಿ ಕಾಯ್ತಿದ್ದಾರೆ. ಆ ಹೋಲ್ಡ್ ಗುಂಡಿಯ ಬಣ್ಣ ಕೆಂಪು.

ಇನ್ನು ಅಂಕಿಗಳ ಗುಂಡಿ. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ, ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್‌ನಲ್ಲಿ, 'ಟಚ್ ಟೋನ್' ಸೇವೆ ಶುರುವಾಯಿತು. ಆಗ ಇದ್ದದ್ದು 10 ಗುಂಡಿ ಮಾತ್ರ. ಸ್ಟಾರ್, ಹ್ಯಾಶ್ ಸೇರಿದ್ದು 1968ರಲ್ಲಿ. ಒಂದೊಂದು ಗುಂಡಿಯೂ ಎರಡು ಸ್ವರ ಒಟ್ಟಿಗೆ ಹೊರಡಿಸುತ್ತೆ. 5 ಒತ್ತಿದರೆ 770 ಮತ್ತು 1336 ಹರ್ಟ್ಜ್. ಎಕ್ಸ್‌ಚೇಂಜ್ ಈ ಜೋಡಿಯನ್ನು ಕೇಳಿಯೇ ಅಂಕಿ ಯಾವುದು ಅಂತ ಗುರುತಿಸುತ್ತೆ. 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಅಂದಾಗ ನೀವು ಕಳಿಸೋದೂ ಇದೇ ಸಂಕೇತವನ್ನು.

ನಮ್ಮಲ್ಲಿ? 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಶುರುವಾಯಿತು. ಅಲ್ಲಿ ತಯಾರಾಗಿ ದೇಶದ ಆಫೀಸುಗಳಿಗೆ ಹೋದ ಕರಿ ಫೋನುಗಳಲ್ಲಿ ಗುಂಡಿ ಇರಲಿಲ್ಲ, ಬೆರಳು ಹಾಕಿ ತಿರುಗಿಸುವ ಡಯಲ್ ಇತ್ತು. 5ಕ್ಕೆ ಐದು ಮಿಡಿತ, ಸೊನ್ನೆಗೆ ಹತ್ತು. ಸೊನ್ನೆ ಜಾಸ್ತಿ ಇದ್ದರೆ ಕಾಯಲೇಬೇಕು!

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರ್ತೀನಿ. ಕರೆ ಬಂದದ್ದನ್ನು ದೀಪ ಹೇಳುತ್ತೆ ಸರಿ, ಕಣ್ಣು ಕಾಣದವರಿಗೆ? ಇದು ಬರೀ ತರ್ಕವಲ್ಲ. ನಮ್ಮ ದೇಶದ ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಮಾಡಿ ಸಂಸಾರ ನಡೆಸಿದ ದೃಷ್ಟಿಹೀನರು ಬಹಳ ಜನ. 1995ರ ಅಂಗವಿಕಲರ ಕಾಯ್ದೆ ಶೇ. 3ರಷ್ಟು ಹುದ್ದೆ ಮೀಸಲಿಟ್ಟಿತು, ಅದರಲ್ಲಿ ಶೇ. 1 ಇವರಿಗೆ. ಬರೀ ದೀಪ ನಂಬಿದ ಬೋರ್ಡಿನ ಮುಂದೆ ಅವರು ಏನು ಮಾಡಬೇಕು? ಅದು ಸದ್ದನ್ನೂ ಮಾಡಬೇಕು, ಬೆರಳಿಗೂ ತಿಳಿಯಬೇಕು. ಗುಂಡಿ ಫೋನಿನ 5ರ ಮೇಲೆ ಸಣ್ಣ ಉಬ್ಬು ಇರುತ್ತಲ್ವಾ, ಅದರ ಕೆಲಸ ಅದೇ. 5 ಸಿಕ್ಕರೆ ಉಳಿದದ್ದೆಲ್ಲ ಸಿಕ್ಕ ಹಾಗೆ.

ಎಲ್ಲರ ಕಿಸೆಗೂ ಮೊಬೈಲ್ ಬಂದ ಮೇಲೆ ಆಪರೇಟರ್ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ನುಣುಪು ಗಾಜಿನ ಮೇಲೆ ಉಬ್ಬೂ ಇಲ್ಲ. ಪರದೆ ಓದಿ ಹೇಳುವ ಧ್ವನಿ ಇದೆ, ನಿಜ. ಆದರೆ ಎಷ್ಟೋ ಆ್ಯಪ್‌ಗಳು ಇವತ್ತಿಗೂ ಗುಂಡಿಗೆ ಹೆಸರೇ ಕೊಡೋದಿಲ್ಲ, ಆಗ ಆ ಧ್ವನಿ ಏನು ತಾನೇ ಓದೀತು? ನಿಮ್ಮಲ್ಲಿ ಯಾರಾದರೂ ಆ್ಯಪ್ ಮಾಡುವವರಿದ್ದರೆ ಒಮ್ಮೆ ಕಣ್ಮುಚ್ಚಿ ಅದನ್ನು ಬಳಸಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.