ಈಶ್ವರಾನುಮಾನವೂ ರಾಮಾನುಜಾಚಾರ್ಯರೂ

ದೇವರ ಇರವನ್ನು ಯುಕ್ತಿಯಿಂದ ತಿಳಿಯಬಹುದೇ ಎಂಬ ಪ್ರಶ್ನೆ ಬಂದೊಡನೆ, ಹೌದೆನ್ನುವವರು ಆಸ್ತಿಕರು, ಅಲ್ಲವೆನ್ನುವವರು ನಾಸ್ತಿಕರು ಎಂದು ಭಾವಿಸುವುದು ನಮಗೆಲ್ಲ ಅಭ್ಯಾಸವಾಗಿದೆ. ನಮ್ಮ ದರ್ಶನಗಳ ಚರಿತ್ರೆಯಾದರೋ ಈ ವಿಭಾಗಕ್ಕೆ ಒಳಪಡುವುದಿಲ್ಲ.

ಅನುಮಾನದಿಂದ ಈಶ್ವರನನ್ನು ಸಾಧಿಸಹೊರಟವರು ನೈಯಾಯಿಕರು. ಗಡಿಗೆಯು ಕಾರ್ಯ, ಅದಕ್ಕೆ ಕುಂಬಾರನೆಂಬ ಕರ್ತನುಂಟು. ಭೂಮಿಯೂ ಮೊಳಕೆಯೂ ಕಾರ್ಯಗಳೇ. ಆದುದರಿಂದ ಅವಕ್ಕೂ ಬುದ್ಧಿಯುಳ್ಳ ಒಬ್ಬ ಕರ್ತನಿರಬೇಕು. ಇದಿಷ್ಟೇ ಅವರ ಯುಕ್ತಿಯ ಮೂಲ. 7ನೆಯ ಶತಮಾನದ ಬೌದ್ಧಪಂಡಿತ ಧರ್ಮಕೀರ್ತಿಯು ಇದಕ್ಕೆ ಕೊಟ್ಟ ಉತ್ತರ ಬಹು ಚುರುಕಾದುದು: ಮಣ್ಣಿನ ವಿಕಾರವೆಂಬ ಮಾತ್ರಕ್ಕೆ ಕುಂಬಾರನನ್ನು ಊಹಿಸುವುದಾದರೆ ಹುತ್ತವನ್ನೂ ಕುಂಬಾರನೇ ಕಟ್ಟಿರಬೇಕಷ್ಟೆ! ಬೌದ್ಧರು ಹೀಗೆ ಹೇಳಿದುದು ಸಹಜ. ಆದರೆ ವೇದಪ್ರಾಮಾಣ್ಯಕ್ಕಾಗಿ ಬೌದ್ಧರೊಡನೆ ಹೋರಾಡಿದ ಕುಮಾರಿಲಭಟ್ಟನೂ ಜಗತ್ಕರ್ತನನ್ನು ಒಪ್ಪಲಿಲ್ಲ. ಶರೀರವಿಲ್ಲದವನು ಸೃಷ್ಟಿಸುವುದು ಹೇಗೆ, ಶರೀರವಿದ್ದರೆ ಅದನ್ನು ಸೃಷ್ಟಿಸಿದವರು ಯಾರು ಎಂಬುದು ಅವನ ಆಕ್ಷೇಪ.

ಈ ಆಕ್ಷೇಪಗಳನ್ನೆಲ್ಲ ಎದುರಿಸಿ, ಮಿಥಿಲೆಯ ಉದಯನಾಚಾರ್ಯನು ಐದು ಸ್ತಬಕಗಳ ‘ನ್ಯಾಯಕುಸುಮಾಂಜಲಿ’ಯನ್ನು ರಚಿಸಿದನು. ಜಡವಾದ ಪರಮಾಣುಗಳು ತಾವಾಗಿ ಕೂಡಲಾರವು, ಜಗತ್ತು ಬೀಳದೆ ನಿಂತಿರುವುದಕ್ಕೆ ಧಾರಕನೊಬ್ಬನು ಬೇಕು ಎಂದು ಮುಂತಾಗಿ ಯುಕ್ತಿಗಳನ್ನು ಅವನು ಅದರಲ್ಲಿ ಪೋಣಿಸಿದ್ದಾನೆ.

ಭಕ್ತಿಮಾರ್ಗದ ಆಚಾರ್ಯರು ಇದನ್ನು ಕಂಡು ಸಂತೋಷಪಟ್ಟಿರಬೇಕೆಂದು ನಾವು ಎಣಿಸಿಯೇವು. ನಡೆದುದು ಬೇರೆ. ಸಂಪ್ರದಾಯವು 1017ರಿಂದ 1137ರ ವರೆಗೆ ಜೀವಿಸಿದ್ದರೆಂದು ಹೇಳುವ, ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯೊಡನೆ ಹೆಸರು ಬೆಸೆದುಕೊಂಡಿರುವ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ, ಬ್ರಹ್ಮಸೂತ್ರದ ಮೂರನೆಯ ಸೂತ್ರವನ್ನು ವಿವರಿಸುತ್ತ, ಈ ಅನುಮಾನವನ್ನು ಬುಡಸಹಿತ ಅಲುಗಿಸಿಬಿಟ್ಟರು. ಬಾಹ್ಯೇಂದ್ರಿಯಗಳು ತಮ್ಮ ತಮ್ಮ ವಿಷಯಗಳನ್ನಲ್ಲದೆ ಬೇರೆಯದನ್ನು ಮುಟ್ಟಲಾರವು. ಮನಸ್ಸು ಸುಖದುಃಖಗಳನ್ನು ಮಾತ್ರ ಬಲ್ಲುದು. ಯೋಗಿಗಳ ದರ್ಶನವೋ? ಅದು ಭಾವನೆಯು ಗಾಢವಾದುದರಿಂದ ಹುಟ್ಟುವ, ಹಿಂದೆ ಅನುಭವಿಸಿದುದರ ಸ್ಮರಣೆಯೇ ಹೊರತು ಹೊಸ ಪ್ರಮಾಣವಲ್ಲ. ಭಕ್ತಾಗ್ರೇಸರರೊಬ್ಬರ ಲೇಖನಿಯಿಂದ ಬಂದ ಮಾತಿದು ಎಂಬುದನ್ನು ಮರೆಯಬಾರದು.

ಇನ್ನು ಯುಕ್ತಿ. ರಥಗಳನ್ನೂ ಅರಮನೆಗಳನ್ನೂ ಅನೇಕರು ಸೇರಿ ಕಟ್ಟುವುದನ್ನು ಕಾಣುತ್ತೇವೆ. ಜಗತ್ತೆಲ್ಲವೂ ಒಮ್ಮೆಗೇ, ಒಬ್ಬನಿಂದಲೇ ಆಯಿತೆನ್ನಲು ಆಧಾರವೇನು? ಪುಣ್ಯವಿಶೇಷದಿಂದ ಶಕ್ತಿಪಡೆದ ಜೀವರೇ ಏಕೆ ಮಾಡಿರಬಾರದು? ಕುಂಬಾರನ ದೃಷ್ಟಾಂತವನ್ನು ಪೂರ್ತಿ ನಂಬಿದರೆ ದೇಹವುಳ್ಳ, ಅಲ್ಪಶಕ್ತಿಯ ಕರ್ತನೇ ಸಿದ್ಧನಾಗುತ್ತಾನೆ. 1779ರಲ್ಲಿ, ಅಂದರೆ ಲೇಖಕನು ತೀರಿಕೊಂಡ ಮೂರು ವರ್ಷಗಳ ಮೇಲೆ ಪ್ರಕಟವಾದ ಡೇವಿಡ್ ಹ್ಯೂಮನ ಸಂವಾದಗ್ರಂಥವನ್ನು ನಮ್ಮ ಕಾಲೇಜುಗಳಲ್ಲಿ ಓದಿದವರಿಗೆ ಇದು ಪರಿಚಿತವಾಗಿ ಕಂಡೀತು: ಮನೆಯನ್ನೂ ಹಡಗನ್ನೂ ಹಲವರು ಕೂಡಿ ಕಟ್ಟುವರಲ್ಲವೇ ಎಂದು ಅಲ್ಲಿಯೂ ಕೇಳಿದೆ. ಹ್ಯೂಮನನ್ನು ಸಂಶಯದಲ್ಲಿ ನಿಲ್ಲಿಸಿದ ಯುಕ್ತಿಯೇ ಆಚಾರ್ಯರನ್ನು ಶಾಸ್ತ್ರದ ಬಾಗಿಲಿಗೆ ಕರೆದೊಯ್ದಿತು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರೂ ‘ವಿಷ್ಣುತತ್ತ್ವನಿರ್ಣಯ’ದಲ್ಲಿ, ಭಗವಂತನು ಸದಾಗಮಗಳಿಂದಲೇ ವೇದ್ಯನೆಂದು ನಿರ್ಧರಿಸಿದರು.

ಇದರಿಂದ ಭಾರವೆಲ್ಲವೂ ಶಬ್ದದ ಮೇಲೆ ಬಿದ್ದಿತು. ವೇದವು ಕರ್ಮವನ್ನು ವಿಧಿಸುವುದೇ ಹೊರತು ಇರುವ ವಸ್ತುವನ್ನು ತಿಳಿಸುವುದಲ್ಲವೆಂದು ಮೀಮಾಂಸಕರು ಹೇಳುತ್ತಿದ್ದರು. ಇದನ್ನು ಅರಿತೇ ರಾಮಾನುಜರು ಮೊದಲ ಸೂತ್ರದ ಭಾಷ್ಯದಲ್ಲಿಯೇ ಉತ್ತರವನ್ನು ಸಿದ್ಧಪಡಿಸಿದ್ದರು. ತಾಯಿತಂದೆಗಳು ಬೆರಳಿನಿಂದ ತೋರಿಸಿ, ಇವಳು ಅಮ್ಮ, ಇವನು ಮಾವ, ಅದು ಚಂದ್ರ ಎಂದು ಮಗುವಿಗೆ ಮಾತು ಕಲಿಸುತ್ತಾರೆ. ಅಲ್ಲಿ ಆಜ್ಞೆಯೂ ಇಲ್ಲ, ಕರ್ಮವೂ ಇಲ್ಲ. ಆದರೂ ಮಗುವು ಶಬ್ದದಿಂದ ವಸ್ತುವನ್ನು ಅರಿಯುತ್ತದೆ. ಚಂದ್ರನಂತೆ ಬೆರಳಿಟ್ಟು ತೋರಲಾಗದ ಬ್ರಹ್ಮವಸ್ತುವಿಗೆ ಈ ದೃಷ್ಟಾಂತವು ಎಷ್ಟು ದೂರ ಒದಗೀತೆಂಬ ಸಂದೇಹ ನನಗೆ ಇನ್ನೂ ತೀರಿಲ್ಲ.