ಸ್ಥಗಿತಗೊಂಡ ಮೊಬೈಲ್ ವ್ಯಾಲೆಟ್ ಖಾತೆಯನ್ನು ಸುರಕ್ಷಿತವಾಗಿ ಮರಳಿ ಪಡೆಯುವ ವಿಧಾನ

ಸರ್ಕಾರಿ ಸೇವೆಗಳ ಶುಲ್ಕ, ವಿದ್ಯುತ್ ಹಾಗೂ ನೀರಿನ ಬಿಲ್ಲು, ಪರೀಕ್ಷಾ ಶುಲ್ಕ ಮುಂತಾದವುಗಳನ್ನು ಮೊಬೈಲ್ ವ್ಯಾಲೆಟ್ ಮೂಲಕ ಪಾವತಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ವ್ಯಾಲೆಟ್ ಖಾತೆಯು ದಿಢೀರನೆ ಸ್ಥಗಿತಗೊಂಡಲ್ಲಿ ಅನುಸರಿಸಬೇಕಾದ ಕ್ರಮಗಳನ್ನೂ, ಆ ಗಾಬರಿಯ ಸಮಯದಲ್ಲಿ ವಂಚಕರ ಕೈಗೆ ಸಿಲುಕದಿರುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ವ್ಯಾಲೆಟ್‌ನಲ್ಲಿರುವ ಹಣದ ಸ್ಥಿತಿ

ಮೊಬೈಲ್ ವ್ಯಾಲೆಟ್ ಎಂಬುದು ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಪೂರ್ವಪಾವತಿ ಸಾಧನವೆಂದು ಪರಿಗಣಿತವಾಗಿದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಅಧಿನಿಯಮದ ಅಡಿಯಲ್ಲಿ ಅನುಮತಿ ಪಡೆದ ಬ್ಯಾಂಕುಗಳು ಹಾಗೂ ಬ್ಯಾಂಕೇತರ ಸಂಸ್ಥೆಗಳು ಮಾತ್ರ ಇದನ್ನು ನೀಡಬಹುದು. ಬ್ಯಾಂಕೇತರ ಸಂಸ್ಥೆಗಳು ಗ್ರಾಹಕರಿಂದ ಪಡೆದ ಹಣವನ್ನು ಸ್ವಂತ ವ್ಯವಹಾರದ ಹಣದೊಡನೆ ಬೆರೆಸದೆ, ಅನುಸೂಚಿತ ವಾಣಿಜ್ಯ ಬ್ಯಾಂಕೊಂದರ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇರಿಸತಕ್ಕದ್ದು. ಆದುದರಿಂದ ಖಾತೆ ತೆರೆಯದಿದ್ದ ಮಾತ್ರಕ್ಕೆ ಹಣ ಕಳೆದುಹೋಯಿತೆಂದು ಭಾವಿಸಬೇಕಾಗಿಲ್ಲ. ಮೊಬೈಲ್‌ನಿಂದ ಆ್ಯಪ್ ಅಳಿಸಿಹೋದರೂ ಶಿಲ್ಕು ಅಳಿಯುವುದಿಲ್ಲ. ಬೀಗ ಬಿದ್ದ ಖಾತೆಯಿಂದ ಹಣ ಹೋಗುವುದು ಅಪರೂಪ. ಬೀಗ ತೆಗೆಸುವ ಆತುರದಲ್ಲಿ ಹಣ ಕಳೆದುಕೊಳ್ಳುವುದೇ ಹೆಚ್ಚು.

ಸ್ಥಗಿತಗೊಳ್ಳಲು ಕಾರಣಗಳು

ಕಾರಣವನ್ನು ತಿಳಿಯದೆ ಪರಿಹಾರಕ್ಕೆ ತೊಡಗಬಾರದು. ಪರದೆಯ ಮೇಲೆ ಕಾಣುವ ಸಂದೇಶವನ್ನು ಪೂರ್ಣವಾಗಿ ಓದಿ, ಸಾಧ್ಯವಾದಲ್ಲಿ ಅದರ ಚಿತ್ರವನ್ನು ಉಳಿಸಿಕೊಳ್ಳತಕ್ಕದ್ದು.

ಗುಪ್ತಸಂಖ್ಯೆಯನ್ನು ಪದೇ ಪದೇ ತಪ್ಪಾಗಿ ನಮೂದಿಸುವುದು ಸಾಮಾನ್ಯ ಕಾರಣ. ತಪ್ಪು ಪ್ರಯತ್ನಗಳಿಗೆ ಮಿತಿ ಹಾಕುವ ವ್ಯವಸ್ಥೆಯನ್ನು ಸಂಸ್ಥೆಗಳು ಹೊಂದಿರಲೇಬೇಕೆಂದು ರಿಸರ್ವ್ ಬ್ಯಾಂಕಿನ 2021ರ ಪೂರ್ವಪಾವತಿ ಸಾಧನಗಳ ಪ್ರಧಾನ ನಿರ್ದೇಶನಗಳು ವಿಧಿಸಿವೆ. ಇಂತಹ ಬೀಗವು ಖಾತೆದಾರರ ರಕ್ಷಣೆಗಾಗಿಯೇ ಇದ್ದು, ಸಂದೇಶದಲ್ಲಿ ತಿಳಿಸಿದ ಅವಧಿ ಮುಗಿಯುವವರೆಗೆ ಕಾಯುವುದೇ ಸರಿಯಾದ ಕ್ರಮ. ಮತ್ತೆ ಮತ್ತೆ ಪ್ರಯತ್ನಿಸಿದರೆ ಅವಧಿ ಲಂಬಿಸಬಹುದು.

ಒಂದೇ ಆ್ಯಪ್‌ನಲ್ಲಿ ವ್ಯಾಲೆಟ್ ಮತ್ತು ಯು.ಪಿ.ಐ. ಎರಡೂ ಇರುವುದರಿಂದ ಹಲವರು ಗೊಂದಲಕ್ಕೊಳಗಾಗುತ್ತಾರೆ. ವ್ಯಾಲೆಟ್‌ನ ಗುಪ್ತಸಂಖ್ಯೆಯು ವ್ಯಾಲೆಟ್ ಸಂಸ್ಥೆಗೆ ಸಂಬಂಧಿಸಿದ್ದು, ಯು.ಪಿ.ಐ. ಪಿನ್ ಗ್ರಾಹಕರ ಬ್ಯಾಂಕ್ ಖಾತೆಗೆ ಸಂಬಂಧಿಸಿದ್ದು. ಯು.ಪಿ.ಐ. ಪಿನ್ ಮರೆತವರು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಹಾಗೂ ವಾಯಿದೆ ಮುಗಿಯುವ ದಿನಾಂಕದ ನೆರವಿನಿಂದ, ಅಥವಾ ಬ್ಯಾಂಕು ಅವಕಾಶ ನೀಡಿದ್ದಲ್ಲಿ ಆಧಾರ್ ಮೂಲಕ, ಆ್ಯಪ್‌ನಲ್ಲಿಯೇ ಹೊಸದನ್ನು ರಚಿಸಿಕೊಳ್ಳಬಹುದು. ಅದಕ್ಕಾಗಿ ಯಾರಿಗೂ ಕರೆ ಮಾಡುವ ಅಗತ್ಯವಿರುವುದಿಲ್ಲ.

ಬಳಕೆಯಿಲ್ಲದಿರುವುದು ಮತ್ತೊಂದು ಕಾರಣ. ಮೇಲ್ಕಂಡ ನಿರ್ದೇಶನಗಳ ಪ್ರಕಾರ, ಸತತವಾಗಿ ಒಂದು ವರ್ಷ ಯಾವುದೇ ಹಣಕಾಸಿನ ವ್ಯವಹಾರ ನಡೆಯದ ವ್ಯಾಲೆಟ್ಟನ್ನು ಸಂಸ್ಥೆಯು ನೋಟೀಸು ನೀಡಿ ನಿಷ್ಕ್ರಿಯಗೊಳಿಸುತ್ತದೆ. ಗುರುತಿನ ಪರಿಶೀಲನೆಯ ನಂತರವಷ್ಟೇ ಅದನ್ನು ಪುನಃ ಸಕ್ರಿಯಗೊಳಿಸಬಹುದು. ಕೇವಲ ಕನಿಷ್ಠ ವಿವರಗಳನ್ನು ನೀಡಿ ತೆರೆದ ವ್ಯಾಲೆಟ್‌ನಲ್ಲಿ ಯಾವುದೇ ಸಮಯದಲ್ಲಿ 10,000 ರೂಪಾಯಿಗಿಂತ ಹೆಚ್ಚು ಶಿಲ್ಕು ಇರುವಂತಿಲ್ಲ. ಪೂರ್ಣ ಕೆ.ವೈ.ಸಿ. ಆದ ವ್ಯಾಲೆಟ್‌ಗೆ ಈ ಮಿತಿಯನ್ನು 2 ಲಕ್ಷ ರೂಪಾಯಿ ಎಂದು ನಿಗದಿಪಡಿಸಲಾಯಿತು. ಮಿತಿ ತಲುಪಿದ್ದರಿಂದ ಹಣ ತುಂಬದೇ ಇರುವುದನ್ನು ಖಾತೆ ಸ್ಥಗಿತಗೊಂಡಿತೆಂದು ತಪ್ಪಾಗಿ ತಿಳಿಯುವವರೂ ಇದ್ದಾರೆ.

ಇನ್ನು ಸಂಶಯಾಸ್ಪದ ವ್ಯವಹಾರದ ಕಾರಣ ಸಂಸ್ಥೆಯೇ ತಡೆಹಿಡಿದಿರಬಹುದು ಅಥವಾ ಪೊಲೀಸ್ ಪ್ರಾಧಿಕಾರದ ಸೂಚನೆಯ ಮೇರೆಗೆ ತಡೆಹಿಡಿಯಲಾಗಿರಬಹುದು. ವಂಚನೆಗೊಳಗಾದ ಮೂರನೆಯ ವ್ಯಕ್ತಿಯ ಹಣವು ಗೊತ್ತಿಲ್ಲದೆಯೇ ವ್ಯಾಪಾರಿಯೊಬ್ಬರ ಖಾತೆಗೆ ಬಂದಿದ್ದರೂ ಹೀಗಾಗುವ ಸಾಧ್ಯತೆಯುಂಟು. ಪೊಲೀಸ್ ಸೂಚನೆಯಿಂದ ಬಿದ್ದ ತಡೆಯನ್ನು ಗ್ರಾಹಕ ಸೇವಾ ಸಿಬ್ಬಂದಿ ತೆಗೆಯಲಾರರು. ಯಾವ ರಾಜ್ಯದ, ಯಾವ ಠಾಣೆಯ, ಯಾವ ದೂರಿನ ಸಂಖ್ಯೆಯ ಮೇರೆಗೆ ತಡೆಯಾಗಿದೆ ಎಂಬುದನ್ನು ಸಂಸ್ಥೆಯಿಂದ ಲಿಖಿತವಾಗಿ ಪಡೆದು, ಮಾರಾಟದ ರಸೀದಿ ಮೊದಲಾದ ದಾಖಲೆಗಳೊಂದಿಗೆ ಸಂಬಂಧಿಸಿದ ತನಿಖಾಧಿಕಾರಿಗೆ ಮನವಿ ಸಲ್ಲಿಸತಕ್ಕದ್ದು.

ಮೊಬೈಲ್ ಅಥವಾ ಸಿಮ್ ಕಳೆದುಹೋಗಿದ್ದಲ್ಲಿ

ಈ ಸಂದರ್ಭದಲ್ಲಿ ಕ್ರಮಗಳ ಸರದಿ ಮುಖ್ಯ. ಮೊದಲು ಬೇರೆ ದೂರವಾಣಿಯಿಂದ ವ್ಯಾಲೆಟ್ ಸಂಸ್ಥೆಗೂ ಬ್ಯಾಂಕಿಗೂ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ನಂತರ ದೂರಸಂಪರ್ಕ ಸಂಸ್ಥೆಗೆ ತಿಳಿಸಿ ಸಿಮ್ ನಿಷ್ಕ್ರಿಯಗೊಳಿಸಬೇಕು. ಸಿಮ್ ವಂಚಕರ ಕೈಯಲ್ಲಿರುವಷ್ಟು ಕಾಲವೂ ಒ.ಟಿ.ಪಿ. ಅವರಿಗೇ ತಲುಪುತ್ತಿರುತ್ತದೆಂಬುದನ್ನು ಮರೆಯಬಾರದು. ಆ ಬಳಿಕ ಪೊಲೀಸ್ ದೂರು ದಾಖಲಿಸಿ, ದೂರಿನ ಪ್ರತಿಯೊಂದಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಐ.ಎಂ.ಇ.ಐ. ಸಂಖ್ಯೆಯನ್ನು ನಮೂದಿಸಿ ಮೊಬೈಲನ್ನೇ ತಡೆಹಿಡಿಸಬಹುದು. ಅದೇ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನೂ ಪರಿಶೀಲಿಸಬಹುದು.

ಬದಲಿ ಸಿಮ್ ಪಡೆದ ಕೂಡಲೇ ವ್ಯಾಲೆಟ್ ತೆರೆಯಲು ಪ್ರಯತ್ನಿಸಿ, ಒ.ಟಿ.ಪಿ. ಬಾರದೆ ಕಂಗಾಲಾಗುವವರು ಅನೇಕರು. ಸಿಮ್ ಬದಲಾವಣೆಯ ವಂಚನೆಯನ್ನು ತಡೆಯುವ ಸಲುವಾಗಿ ದೂರಸಂಪರ್ಕ ಇಲಾಖೆಯು 2022ರಲ್ಲಿ ಹೊರಡಿಸಿದ ಸೂಚನೆಯಂತೆ, ಹೊಸ ಸಿಮ್ ಸಕ್ರಿಯಗೊಂಡ ಮೊದಲ 24 ಗಂಟೆಗಳ ಕಾಲ ಕಿರುಸಂದೇಶ ಸೌಲಭ್ಯವನ್ನು ತಡೆಹಿಡಿಯಲಾಗುತ್ತದೆ. ಮರುದಿನದವರೆಗೆ ಕಾಯುವುದು ಅನಿವಾರ್ಯ. ಶುಲ್ಕ ಪಾವತಿಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ವ್ಯಾಲೆಟ್‌ಗಾಗಿ ಕಾಯದೆ, ಆ ಸೇವೆಗೆ ಲಭ್ಯವಿರುವ ಬೇರೆ ಪಾವತಿ ವಿಧಾನವನ್ನು ಬಳಸುವುದು ಉತ್ತಮ.

ಖಾತೆಯನ್ನು ಮರಳಿ ಪಡೆಯುವುದು

ಆ್ಯಪನ್ನು ಮೊಬೈಲ್‌ನ ಅಧಿಕೃತ ಆ್ಯಪ್ ಮಳಿಗೆಯಿಂದ ಮಾತ್ರ ಪಡೆಯತಕ್ಕದ್ದು. ವಾಟ್ಸಾಪ್ ಮೂಲಕ ಬರುವ ಎ.ಪಿ.ಕೆ. ಕಡತಗಳನ್ನು ಯಾವ ಕಾರಣಕ್ಕೂ ತೆರೆಯಬಾರದು. ಅವುಗಳಲ್ಲಿ ಕೆಲವು ಮೊಬೈಲ್‌ಗೆ ಬರುವ ಕಿರುಸಂದೇಶಗಳನ್ನು ಸದ್ದಿಲ್ಲದೆ ವಂಚಕರಿಗೆ ರವಾನಿಸುತ್ತವೆ. ಆ್ಯಪ್‌ನಲ್ಲಿ ನೋಂದಾಯಿತ ಮೊಬೈಲ್ ಸಂಖ್ಯೆಯನ್ನು ನಮೂದಿಸಿ, ಗುಪ್ತಸಂಖ್ಯೆ ಮರೆತಿರುವ ಆಯ್ಕೆಯನ್ನು ಆರಿಸಿದಲ್ಲಿ ಮುಂದಿನ ಹಂತಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಗುರುತಿನ ದಾಖಲೆ ಕೇಳಿದಲ್ಲಿ ಆ್ಯಪ್‌ನ ಒಳಗೇ ಸಲ್ಲಿಸಬೇಕೇ ಹೊರತು ಅಪರಿಚಿತ ವ್ಯಕ್ತಿಯ ಸಂಖ್ಯೆಗೆ ಕಳುಹಿಸಬಾರದು.

ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದ ಹುಡುಕಾಟದಲ್ಲಿ ಕಂಡಂತೆ ನಂಬುವುದು ಅತ್ಯಂತ ಅಪಾಯಕಾರಿ. ಹುಡುಕಾಟದ ಫಲಿತಾಂಶಗಳಲ್ಲಿ ಹಾಗೂ ಸಾಮಾಜಿಕ ಜಾಲತಾಣಗಳಲ್ಲಿ ವಂಚಕರು ತಮ್ಮದೇ ಸಂಖ್ಯೆಗಳನ್ನು ಸೇರಿಸಿರುತ್ತಾರೆ. ಆ್ಯಪ್‌ನ ಸಹಾಯ ವಿಭಾಗದಲ್ಲಿರುವ ಅಥವಾ ಸಂಸ್ಥೆಯ ಸ್ವಂತ ಜಾಲತಾಣದಲ್ಲಿರುವ ಸಂಖ್ಯೆಯನ್ನು ಮಾತ್ರ ಬಳಸತಕ್ಕದ್ದು. ನಿಜವಾದ ಸಿಬ್ಬಂದಿ ಒ.ಟಿ.ಪಿ., ಪಿನ್ ಅಥವಾ ಪಾಸ್‌ವರ್ಡ್ ಕೇಳುವುದಿಲ್ಲ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳುವಂತೆ ಹೇಳುವುದಿಲ್ಲ. ಖಾತೆ ತೆರೆಯಲು ಒಂದು ರೂಪಾಯಿ ಕಳುಹಿಸಿ ಎನ್ನುವುದೂ ಇಲ್ಲ. ಹಣ ಪಡೆಯಲು ಯು.ಪಿ.ಐ. ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿದರೆಂದರೆ ಹಣ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಸೈಬರ್ ಕೇಂದ್ರದವರ ಅಥವಾ ಪರಿಚಯಸ್ಥರ ನೆರವು ಪಡೆಯುವ ಹಿರಿಯ ನಾಗರಿಕರು ಗುಪ್ತಸಂಖ್ಯೆಯನ್ನು ತಾವೇ ಒತ್ತುವುದು ಕ್ಷೇಮ.

ಹಣ ಕಡಿತವಾಗಿದ್ದಲ್ಲಿ

ಖಾತೆಯಿಂದ ಅನಧಿಕೃತವಾಗಿ ಹಣ ಹೋಗಿರುವುದು ಕಂಡುಬಂದ ತಕ್ಷಣ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ವೇಗವಾಗಿ ಸಾಗುವುದರಿಂದ, ಮೊದಲ ಗಂಟೆಗಳಲ್ಲಿ ದೂರು ನೀಡಿದವರ ಹಣವನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ಸಲ್ಲಿಸಬಹುದು. ಕರ್ನಾಟಕದಲ್ಲಿ ಸಿ.ಇ.ಎನ್. ಅಪರಾಧ ಪೊಲೀಸ್ ಠಾಣೆಗಳು ಇಂತಹ ಪ್ರಕರಣಗಳನ್ನು ನಿರ್ವಹಿಸುತ್ತವೆ.

ಸಂಸ್ಥೆಗೆ ತಿಳಿಸುವುದರಲ್ಲಿ ವಿಳಂಬವಾದಷ್ಟೂ ನಷ್ಟದ ಹೊಣೆ ಗ್ರಾಹಕರ ಮೇಲೆ ಬೀಳುತ್ತದೆ. ಬ್ಯಾಂಕೇತರ ಸಂಸ್ಥೆಗಳ ವ್ಯಾಲೆಟ್‌ಗಳಿಗೆ ಸಂಬಂಧಿಸಿದಂತೆ ರಿಸರ್ವ್ ಬ್ಯಾಂಕು 2019ರ ಜನವರಿ 4ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಸಂಸ್ಥೆಯದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದ ಪ್ರಕರಣವನ್ನು ಮೂರು ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕರ ಹೊಣೆ ಶೂನ್ಯವೆಂದು ನಿಗದಿಪಡಿಸಲಾಯಿತು. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದಲ್ಲಿ ವ್ಯವಹಾರದ ಮೊತ್ತ ಅಥವಾ 10,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು. ಏಳು ದಿನ ಮೀರಿದಲ್ಲಿ ಸಂಸ್ಥೆಯ ನೀತಿಯಂತೆ. ಆದರೆ ಗ್ರಾಹಕರೇ ಒ.ಟಿ.ಪಿ. ಅಥವಾ ಪಿನ್ ಹಂಚಿಕೊಂಡಿದ್ದಲ್ಲಿ, ಸಂಸ್ಥೆಗೆ ತಿಳಿಸುವವರೆಗಿನ ಸಂಪೂರ್ಣ ನಷ್ಟವನ್ನು ಅವರೇ ಭರಿಸಬೇಕಾಗುತ್ತದೆ. ನಾಚಿಕೆಯಿಂದ ಮನೆಯವರಿಗೂ ಹೇಳದೆ ದಿನ ದೂಡುವವರಿಗೆ ಇದರಿಂದ ಹೆಚ್ಚಿನ ಹಾನಿಯಾಗುತ್ತದೆ. ತಿಳಿಸಿದ ನಂತರ ಆಗುವ ನಷ್ಟ ಸಂಸ್ಥೆಯದು. ಈ ಕಾರಣಕ್ಕಾಗಿಯೇ ದೂರಿನ ಸಂಖ್ಯೆ, ದಿನಾಂಕ ಹಾಗೂ ಸಮಯವನ್ನು ಬರೆದಿಟ್ಟುಕೊಳ್ಳುವುದು ಅವಶ್ಯ.

ಪರಿಹಾರ ದೊರೆಯದಿದ್ದಲ್ಲಿ

ಸಂಸ್ಥೆಯು ದೂರನ್ನು ತಿರಸ್ಕರಿಸಿದಲ್ಲಿ, ಅಥವಾ 30 ದಿನಗಳೊಳಗೆ ಉತ್ತರಿಸದಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಸಮಗ್ರ ಲೋಕಪಾಲ ವ್ಯವಸ್ಥೆಯ ಮೊರೆ ಹೋಗಬಹುದು. 2021ರ ನವೆಂಬರ್‌ನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ರಿಸರ್ವ್ ಬ್ಯಾಂಕಿನ ದೂರು ನಿರ್ವಹಣಾ ಜಾಲತಾಣದ ಮೂಲಕ ದೂರು ಸಲ್ಲಿಸಬಹುದಾಗಿದ್ದು, ಯಾವುದೇ ಶುಲ್ಕವಿಲ್ಲ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಮೊದಲು ಸಂಸ್ಥೆಗೇ ದೂರು ನೀಡಿರಬೇಕು; ನೇರವಾಗಿ ಲೋಕಪಾಲರಿಗೆ ಬರೆದ ದೂರು ಸಾಮಾನ್ಯವಾಗಿ ಹಿಂತಿರುಗುತ್ತದೆ.

ಮೊಬೈಲ್ ಸಂಖ್ಯೆಯನ್ನು ಬಿಟ್ಟುಬಿಡುವವರ ಗಮನಕ್ಕೆ

ಹಳೆಯ ಸಂಖ್ಯೆಯನ್ನು ರೀಚಾರ್ಜ್ ಮಾಡದೆ ಬಿಟ್ಟು, ವ್ಯಾಲೆಟ್ ಮಾತ್ರ ಅದೇ ಸಂಖ್ಯೆಯಲ್ಲಿ ಉಳಿದುಕೊಂಡಿರುವುದು ಊರು ಬಿಟ್ಟು ದುಡಿಯಲು ಹೋಗುವವರಲ್ಲಿ ಕಂಡುಬರುತ್ತದೆ. ಸಂಪರ್ಕ ಕಡಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳ ನಂತರ ಬೇರೊಬ್ಬರಿಗೆ ಹಂಚಿಕೆ ಮಾಡಲು ಅವಕಾಶವಿದೆ. ಆಗ ಒ.ಟಿ.ಪಿ. ಆ ಅಪರಿಚಿತರಿಗೆ ತಲುಪುತ್ತದೆ. ಆದಕಾರಣ ಸಂಖ್ಯೆಯನ್ನು ಬಿಡುವ ಮುನ್ನವೇ ವ್ಯಾಲೆಟ್‌ನಲ್ಲಿ ಹೊಸ ಸಂಖ್ಯೆಯನ್ನು ನೋಂದಾಯಿಸತಕ್ಕದ್ದು. ವ್ಯಾಲೆಟ್ ಬೇಡವಾದಲ್ಲಿ ಖಾತೆಯನ್ನು ಮುಚ್ಚಲು ಕೋರಬಹುದು. ಉಳಿದ ಶಿಲ್ಕನ್ನು ಹಣ ಬಂದ ಮೂಲ ಖಾತೆಗೆ, ಅಥವಾ ಕೆ.ವೈ.ಸಿ. ಪೂರೈಸಿ ಬ್ಯಾಂಕ್ ಖಾತೆಗೆ ವರ್ಗಾಯಿಸಿಕೊಳ್ಳಬಹುದು.